ಓದುಗರ ಪ್ರಶ್ನೆ: ಹೀರೋ ಕೈಲಿರೋ ಗನ್ನು, ನಮ್ಮನೆ ಗೋಡೆ ಮೇಲಿನ ಕೋವಿ

ಪ್ರಶ್ನೆ: ಮೇಡಂ, ಕೋರ್ಟು ಪೊಲೀಸು ಎಲ್ಲಾ ಪಕ್ಕಕ್ಕಿಟ್ಟು ಹೀರೋ ತಾನೇ ವಿಲನ್‌ಗಳನ್ನ ಮುಗಿಸೋ ಸಿನಿಮಾ ಅಂದ್ರೆ ನನಗೆ ಪ್ರಾಣ, ಫಸ್ಟ್ ಡೇ ಫಸ್ಟ್ ಶೋ ಬಿಡಲ್ಲ. ಅಕ್ಕ ಬೈತಾಳೆ, ಇಂಥದಕ್ಕೆ ಶಿಳ್ಳೆ ಹೊಡೆಯೋನು ನಾಳೆ ಬೀದೀಲಿ ಯಾರಿಗೋ ಹೊಡೀತೀಯ ಅಂತ. ನಾನು ತಪ್ಪು ಮಾಡ್ತಿದೀನಾ?
– ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ

ಶಿಳ್ಳೆ ಹೊಡಿ ತಮ್ಮಾ, ನಾನೂ ಹೊಡೆದಿದೀನಿ. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ ಬಂತಲ್ಲ, ನಮ್ಮೂರ ಟೆಂಟಿಗೆ ಅದು ಬರೋ ಹೊತ್ತಿಗೆ ನಾನು ಹೈಸ್ಕೂಲು. ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಕನ್ವರ್‌ಲಾಲ್ ವೇಷದಲ್ಲಿ ಗ್ಯಾಂಗ್ ಒಳಗೆ ಹೋಗ್ತಾನೆ, ಎರಡೂ ಪಾತ್ರ ಅಂಬರೀಶೇ, ಆ ಮನುಷ್ಯನ ಮುಖ ನೋಡ್ತಾ ನೆಲದ ಮೇಲೆ ಕೂತಿದ್ದ ನಮ್ಮ ಹುಡುಗೀರ ಗುಂಪು ಎದ್ದು ನಿಂತು ಕೂಗಿದ್ದು ಇವತ್ತಿಗೂ ಕಿವೀಲಿದೆ. ಅನ್ಯಾಯ ನೋಡಿ ರಕ್ತ ಕುದಿಯೋದು ತಪ್ಪಲ್ಲ, ಕುದೀದೇ ಇದ್ರೇನೇ ನನಗೆ ಚಿಂತೆ.

ಆದ್ರೆ ಮುಂದಿನ ಸಲ ಥಿಯೇಟರಲ್ಲಿ ಕೂತಾಗ ಒಂಚೂರು ಗಮನಿಸು. ಯಾರು ಕೆಟ್ಟವನು ಅಂತ ನಮಗೆ ಹೇಗೆ ಗೊತ್ತಾಯ್ತು? ಡೈರೆಕ್ಟರ್ ತೋರಿಸಿದ್ರು. ಕೊಲೆ ಆಗಿದ್ದು, ಲಂಚ ಕೊಟ್ಟಿದ್ದು, ಸಾಕ್ಷಿ ತಿರುಗಿಸಿದ್ದು ಎಲ್ಲಾ ಕ್ಯಾಮೆರಾ ಮುಂದೇನೇ ನಡೀತು, ಅಂದ್ರೆ ಬಾಲ್ಕನಿಯಿಂದ ಗಾಂಧಿ ಕ್ಲಾಸ್ ತನಕ ಇಡೀ ಥಿಯೇಟರೇ ಕಣ್ಣಾರೆ ಕಂಡ ಸಾಕ್ಷಿ, ಹಾಗಾಗಿ ಹೀರೋ ತಪ್ಪು ಮನುಷ್ಯನಿಗೆ ಹೊಡೆಯೋ ಚಾನ್ಸೇ ಇಲ್ಲ. ಬೀದೀಲಿ ಆ ಕ್ಯಾಮೆರಾ ಇರಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅಂತ ವಾಟ್ಸಾಪಲ್ಲಿ ಒಂದು ವಿಡಿಯೋ ಓಡಾಡ್ತು, ಅದು ಕರಾಚಿಯಲ್ಲಿ ಜನಜಾಗೃತಿಗೆ ಅಂತ ಮಾಡಿದ್ದ ವಿಡಿಯೋ, ಕೊನೇ ಭಾಗ ಕತ್ತರಿಸಿ ಯಾರೋ ಬಿಟ್ಟಿದ್ರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕ್ಕೊಂಡು ಬಂದಿದ್ದ ಒಬ್ಬನನ್ನ ಜನ ಹೊಡೆದು ಕೊಂದ್ರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನ. ಗೆಳೆಯರ ಜೊತೆ ಬಂದಿದ್ದ, ದಾರೀಲಿ ಸ್ಕೂಲ್ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ರು, ಅಷ್ಟೇ. ಹೊಡೆದವರಲ್ಲಿ ಎಷ್ಟೋ ಜನ ಆ ಕ್ಷಣಕ್ಕೆ ತಾವು ಮಕ್ಕಳನ್ನ ಉಳಿಸ್ತಿದೀವಿ ಅಂತಾನೇ ನಂಬಿದ್ರು, ನನ್ನ ಹೊಟ್ಟೆ ತೊಳೆಸೋದು ಅದಕ್ಕೇ. ಅಕ್ಕನ ಭಯ ಇಲ್ಲಿಂದ ಬಂದಿರೋದು, ಅವಳ ಮೇಲೆ ರೇಗಬೇಡ, ಮುಂದಿನ ಸಿನಿಮಾಗೆ ಅವಳನ್ನೂ ಕರ್ಕೊಂಡು ಹೋಗು.

ಪ್ರಶ್ನೆ: ನಮ್ಮದು ತೋಟದ ಒಂಟಿ ಮನೆ. ಹೋದ ವರ್ಷ ಕಣದಲ್ಲಿ ಒಣಗಿಸಿದ್ದ ಮೆಣಸು ಎರಡು ಸಲ ಕಳುವಾಯ್ತು. ನಮ್ಮನೆಯವರ ಹತ್ರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತಗೊಂಡಿರೋ ಜೋಡುನಳಿ ಕೋವಿ ಇದೆ. ಮುಂದಿನ ಸಲ ಬಂದ್ರೆ ಹೊಡೆದೇ ಹೊಡೀತೀನಿ, ನಮ್ಮ ಜಾಗ ನಮ್ಮ ಹಕ್ಕು ಅಂತಾರೆ. ರಾತ್ರಿ ನಾಯಿ ಬೊಗಳಿದ್ರೆ ನನಗೆ ಕಳ್ಳರಿಗಿಂತ ಇವರದೇ ಭಯ.
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಅಮ್ಮಾ, ನಿಮ್ಮ ಕಾಗದ ಮೂರು ಸಲ ಓದಿದೆ. ಇದನ್ನ ನಿಮ್ಮನೆಯವರಿಗೆ ಪೂರ್ತಿ ಓದಿ ಹೇಳಿ, ಯಾಕಂದ್ರೆ ಅವರು ಹೇಳ್ತಿರೋದ್ರಲ್ಲಿ ಅರ್ಧ ನಿಜ ಇದೆ, ಜೈಲಿಗೆ ಕಳಿಸೋದು ಆ ಇನ್ನರ್ಧ.

ಆತ್ಮರಕ್ಷಣೆ ಹಕ್ಕು ನಮ್ಮ ಕಾನೂನಲ್ಲಿ ಇದೆ, ಗಟ್ಟಿಯಾಗೇ ಇದೆ. ಮೊದಲು ಐಪಿಸಿ 96ರಿಂದ 106ರ ತನಕ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕ ಇದೆ. ಜೀವ ಹೋಗುತ್ತೆ, ಭಾರೀ ಗಾಯ ಆಗುತ್ತೆ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥ ಭಯ ನಿಜವಾಗ್ಲೂ ಎದುರಿಗೆ ಬಂದಾಗ ಎದುರಾಳಿ ಪ್ರಾಣ ಹೋದ್ರೂ ಅದು ಅಪರಾಧ ಅಲ್ಲ. ಆಸ್ತಿ ವಿಷಯಕ್ಕೆ ಬಂದ್ರೆ 41ನೇ ಸೆಕ್ಷನ್ ಅಷ್ಟು ಉದಾರ ಅಲ್ಲ. ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟೋಕೆ ಮುಂಚೆ ಮನೆ ಒಡೆದು ನುಗ್ಗೋದು, ವಾಸದ ಮನೆಗೆ ಬೆಂಕಿ ಹಚ್ಚೋದು, ಇಲ್ಲಾ ತಡೆಯದಿದ್ರೆ ಜೀವಕ್ಕೇ ಅಪಾಯ ಅನ್ನೋ ಥರದ ಕಳ್ಳತನ, ಇಂಥದ್ರಲ್ಲಿ ಮಾತ್ರ ಎದುರಾಳಿ ಪ್ರಾಣ ಹೋದ್ರೂ ಅಪರಾಧ ಅಲ್ಲ. ಕಣದಿಂದ ಮೆಣಸಿನ ಮೂಟೆ ಹೊತ್ತು ಓಡ್ತಿರೋನು ಇದ್ಯಾವುದರಲ್ಲೂ ಬರಲ್ಲ. ಅವನನ್ನ ಅಡ್ಡಗಟ್ಟಬಹುದು, ಹಿಡಿಯಬಹುದು, ಮೂಟೆ ಕಿತ್ಕೊಬಹುದು, ಬೆನ್ನಿಗೆ ಗುಂಡು ಹೊಡೆಯೋ ಹಾಗಿಲ್ಲ. ಜೊತೆಗೆ 37ನೇ ಸೆಕ್ಷನ್ ಹೇಳುತ್ತೆ, ಪೊಲೀಸರ ಸಹಾಯ ಪಡೆಯೋಕೆ ಟೈಮ್ ಇದ್ರೆ ಈ ಹಕ್ಕೇ ಇಲ್ಲ, ಹಕ್ಕು ಇದ್ದಾಗ್ಲೂ ರಕ್ಷಣೆಗೆ ಬೇಕಾದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ.

ಕೋರ್ಟ್ ಕಲ್ಲು ಮನಸ್ಸಿಂದೇನೂ ನೋಡಲ್ಲ. 2010ರಲ್ಲಿ ದರ್ಶನ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹತ್ತು ತತ್ವಗಳನ್ನ ಪಟ್ಟಿ ಮಾಡಿದೆ, ಸಾಯೋ ಭಯದಲ್ಲಿ ಇರೋನು ಚಿನ್ನದ ತಕ್ಕಡಿ ಹಿಡಿದು ಅಳೆದೂ ತೂಗಿ ತಿರುಗಿಬೀಳೋಕೆ ಆಗಲ್ಲ ಅನ್ನೋದು ಅದರ ತಿರುಳು. ಅದೇ ತೀರ್ಪು ಈ ಹಕ್ಕು ಸೇಡಿಗಲ್ಲ ಅಂತಾನೂ ಹೇಳುತ್ತೆ. ನಿಮ್ಮನೆಯವರು ಈಗ್ಲಿಂದಾನೇ ‘ಬಂದ್ರೆ ಹೊಡೀತೀನಿ’ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ರೆ, ನಾಳೆ ಅದು ಭಯದಿಂದ ಹೊಡೆದಿದ್ದು ಅಂತ ನನ್ನಂಥ ವಕೀಲೆ ಹೇಗೆ ವಾದಿಸೋದು? ಆತ್ಮರಕ್ಷಣೆಗೆ ಹೊಡೆದೆ ಅಂತ ತೋರಿಸೋ ಹೊಣೆ ಹೊಡೆದವರ ಮೇಲೇ ಬೀಳುತ್ತೆ ಅನ್ನೋದು ಅವರಿಗೆ ಗೊತ್ತಿರಲಿ.

ಇನ್ನೊಂದು ಮಾತು, ಮಲೆನಾಡಿನವಳಾಗಿ. ಕಾಡುಹಂದಿ ಅಂತ ತಿಳಿದು ಕತ್ತಲಲ್ಲಿ ಮನುಷ್ಯರಿಗೇ ಹೊಡೆದ ಸುದ್ದಿ ನಮ್ಮ ಕಡೆ ಪೇಪರಲ್ಲಿ ಎಷ್ಟು ಸಲ ಓದಿಲ್ಲ ನಾವು! ಹೊಡೆದವರು ಕೋವಿ ಹಿಡಿದು ಬೆಳೆದವರೇ, ಜೊತೆಗೆ ಹೋಗಿದ್ದ ಸ್ವಂತ ಗೆಳೆಯನಿಗೇ ಹೊಡೆದಿರ್ತಾರೆ. ಕಣದಲ್ಲಿ ಕಂಡ ನೆರಳು ಕಳ್ಳಂದೋ, ಹೊಟ್ಟೆ ಕೆಟ್ಟು ರಾತ್ರಿ ಎದ್ದು ಬಂದ ಲೈನ್ ಮನೆಯ ಆಳಿನದೋ ಅಂತ ಎರಡು ಸೆಕೆಂಡಲ್ಲಿ ಹೇಗೆ ತಿಳಿಯುತ್ತೆ? ಮೆಣಸನ್ನ ಸಂಜೆಗೆ ಗೋಡೌನಿಗೆ ಸೇರಿಸಿ, ಕಣಕ್ಕೆ ಲೈಟ್ ಹಾಕಿಸಿ, ಪಕ್ಕದ ತೋಟದವರ ಜೊತೆ ಫೋನ್ ಮಾತಾಡ್ಕೊಂಡಿರಿ, 112 ಎಲ್ಲರ ಮೊಬೈಲಲ್ಲೂ ಇರಲಿ. ತೋಟೆ, ಅಂದ್ರೆ ಕೋವಿಯ ಗುಂಡು, ಒಂದು ಬೀಗದಲ್ಲಿ, ಕೋವಿ ಇನ್ನೊಂದು ಬೀಗದಲ್ಲಿ. ಆ ಒಂದು ಬೀಗದ ಕೈ ನಿಮ್ಮ ಹತ್ರ ಇಟ್ಕೊಳಿ.

ಪ್ರಶ್ನೆ: ಕೊಡಗಿನ ಫ್ರೆಂಡ್ ಮನೆಗೆ ಹೋಗಿದ್ದೆ, ಲೈಸೆನ್ಸೇ ಇಲ್ದೆ ಕೋವಿ ಇದೆ ಅಂದ್ರು! ಇದು ನಿಜವಾಗ್ಲೂ ಲೀಗಲ್ಲಾ?
– ಐಟಿ ಉದ್ಯೋಗಿ, ಬೆಂಗಳೂರು

ಲೀಗಲ್ಲೇ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, ಕೊಡವರಿಗೆ ಮತ್ತು ಜಮ್ಮಾ ಅನ್ನೋ ಕೊಡಗಿನ ಹಳೇ ಪದ್ಧತಿಯ ಜಮೀನು ಹಿಡುವಳಿದಾರರಿಗೆ ಮಾತ್ರ. 2019ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ತು, ಅದನ್ನ ಪ್ರಶ್ನೆ ಮಾಡಿ ಹಾಕಿದ್ದ ಅರ್ಜಿಯನ್ನ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ನಿಮ್ಮ ಫ್ರೆಂಡನ್ನ ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕರೀರಿ ಅಂತ ಕೇಳಿ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ತೊಳೆದು ಇಟ್ಟು, ತೋಕ್ ಪೂ ಅನ್ನೋ ಕೆಂಪು ಹಳದಿ ಹೂ ಮುಡಿಸಿ ಪೂಜೆ ಮಾಡ್ತಾರೆ, ತೋಕ್ ಅಂದ್ರೆ ಕೋವಿ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪಂದ್ಯ, ಊಟಕ್ಕೆ ಕಡಂಬುಟ್ಟು ಅನ್ನೋ ಅಕ್ಕಿ ಕಡುಬು, ಪಂದಿಕರಿ ಅನ್ನೋ ಹಂದಿ ಸಾರು. ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಮನೇಲಿ ಸಾವಾದ್ರೆ ಎರಡು, ಗುಡ್ಡದಾಚೆ ಮನೆಯವರಿಗೆ ವಿಷಯ ಮುಟ್ಟಿಸೋಕೆ. ಸಿನಿಮಾದ ಗನ್ನಿಗೂ ಇದಕ್ಕೂ ಸಂಬಂಧಾನೇ ಇಲ್ಲ ನೋಡಿ, ಅಲ್ಲಿ ಕೋವಿ ಮನೆಯ ಹಿರಿಯರ ಥರ, ಅದರ ಮುಂದೆ ತಲೆಬಾಗ್ತಾರೆ. ಇಷ್ಟು ಮರ್ಯಾದೆಯಿಂದ ಆಯುಧ ಇಟ್ಕೊಂಡಿರೋ ಜನ ನಮ್ಮ ರಾಜ್ಯದಲ್ಲೇ ಇದಾರೆ ಅನ್ನೋದು ನನಗೆ ಹೆಮ್ಮೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ 80ರ ದಶಕದಲ್ಲಿ ನ್ಯೂಯಾರ್ಕಲ್ಲಿದ್ರು. ಸಬ್‌ವೇ ಟ್ರೈನಲ್ಲಿ ಒಬ್ಬ ನಾಲ್ಕು ಹುಡುಗರಿಗೆ ಗುಂಡು ಹೊಡೆದಾಗ ಜನ ಅವನನ್ನ ಸಿನಿಮಾ ಹೀರೋ ಥರ ಹೊಗಳಿದ್ರು ಅಂತ ಹೇಳ್ತಿರ್ತಾರೆ. ಏನದು?
– ನ್ಯೂಜೆರ್ಸಿಯ ಕನ್ನಡಿಗ

ಬರ್ನಾರ್ಡ್ ಗೆಟ್ಸ್ ಕೇಸು, 1984ರ ಡಿಸೆಂಬರ್ 22. ಆವಾಗ ನ್ಯೂಯಾರ್ಕ್ ಸಬ್‌ವೇ ಹತ್ತೋಕೇ ಜನ ಹೆದರ್ತಿದ್ರು, ಗೆಟ್ಸ್‌ನನ್ನೂ 1981ರಲ್ಲಿ ದೋಚಿ ಹೊಡೆದಿದ್ರು, ಗನ್ ಲೈಸೆನ್ಸ್ ಕೇಳಿದ್ದ, ಸಿಕ್ಕಿರಲಿಲ್ಲ. ಆ ದಿನ ನಾಲ್ಕು ಜನ ಕಪ್ಪು ಹುಡುಗರಲ್ಲಿ ಒಬ್ಬ ಐದು ಡಾಲರ್ ಕೇಳ್ದ, ಇವನು ಲೈಸೆನ್ಸ್ ಇಲ್ಲದ ರಿವಾಲ್ವರ್ ತೆಗೆದು ನಾಲ್ಕೂ ಜನಕ್ಕೆ ಹೊಡೆದ. ಎಲ್ಲರೂ ಬದುಕಿದ್ರು, ಒಬ್ಬನಿಗೆ ಮಾತ್ರ ಸೊಂಟದ ಕೆಳಗೆ ಸ್ವಾಧೀನ ಹೋಯ್ತು. 1987ರಲ್ಲಿ ಜ್ಯೂರಿ ಕೊಲೆಯತ್ನದಿಂದ ಬಿಟ್ಟುಬಿಡ್ತು, ಅಕ್ರಮ ಗನ್ ಇಟ್ಕೊಂಡಿದ್ದಕ್ಕೆ ಮಾತ್ರ ಶಿಕ್ಷೆ. 1996ರಲ್ಲಿ ಸಿವಿಲ್ ಕೇಸಲ್ಲಿ ಇನ್ನೊಂದು ಜ್ಯೂರಿ ಆ ಸ್ವಾಧೀನ ಕಳ್ಕೊಂಡವನಿಗೆ 4.3 ಕೋಟಿ ಡಾಲರ್ ಕೊಡು ಅಂತು. ಒಂದೇ ಘಟನೆ, ಎರಡು ಜ್ಯೂರಿ, ಎರಡು ಥರದ ತೀರ್ಪು.

ಜನ ಅವನನ್ನ ಹೋಲಿಸಿದ್ದು 1974ರ ‘ಡೆತ್ ವಿಶ್’ ಸಿನಿಮಾದ ಚಾರ್ಲ್ಸ್ ಬ್ರಾನ್ಸನ್‌ಗೆ. ಆ ಸಿನಿಮಾ ನೋಡಿದವರಿಗೂ ಒಂದು ವಿಷಯ ಮರೆತೇ ಹೋಗಿರುತ್ತೆ. ಹೀರೋ ಹೆಂಡತಿಯನ್ನ ಕೊಂದವರು ಅವನಿಗೆ ಕೊನೆ ತನಕ ಸಿಗೋದೇ ಇಲ್ಲ! ಅವನು ಹೊಡೆಯೋದೆಲ್ಲ ಬೇರೆಯವರಿಗೆ. ಮೂಲ ಕಾದಂಬರಿ ಬರೆದ ಬ್ರಯನ್ ಗಾರ್ಫೀಲ್ಡ್‌ಗೆ ಸಿನಿಮಾ ಇಂಥವನನ್ನ ಹೀರೋ ಮಾಡಿದ್ದು ಇಷ್ಟ ಆಗಲಿಲ್ಲ, 1975ರಲ್ಲಿ ಅದರ ಮುಂದಿನ ಕಾದಂಬರಿ ಬರೆದ್ರು. ಚಿಕ್ಕಪ್ಪನ ಹತ್ರ ಆವಾಗಿನ ಸಬ್‌ವೇ ಹೇಗಿತ್ತು ಅಂತ ಕೇಳಿ ಬರೆದಿಟ್ಕೊಳಿ, ಹೊಗಳಿದವರ ಭಯಾನೂ ಸುಳ್ಳಲ್ಲ.

ಪ್ರಶ್ನೆ: ಮಗ ಬುಲೆಟ್ ಬೈಕಿನ ಟ್ಯಾಂಕಿಗೆ ಉದ್ದ ಹಲ್ಲಿನ ತಲೆಬುರುಡೆ ಸ್ಟಿಕ್ಕರ್ ಹಾಕಿಸಿದಾನೆ. ಅಪಶಕುನ ಅಂತ ನಾನು, ಕಾಮಿಕ್ಸ್ ಹೀರೋ ಅಂತ ಅವನು.
– ಗೃಹಿಣಿ, ಮೈಸೂರು

ಅದು ಪನಿಶರ್, ಕಾನೂನು ಪಕ್ಕಕ್ಕಿಟ್ಟು ತಾನೇ ಶಿಕ್ಷೆ ಕೊಡೋ ಕಾಮಿಕ್ಸ್ ಪಾತ್ರ. ಬಂದಿದ್ದು 1974ರ ಸ್ಪೈಡರ್‌ಮ್ಯಾನ್ ಕಾಮಿಕ್ಸಲ್ಲಿ, ಅದೂ ಸ್ಪೈಡರ್‌ಮ್ಯಾನನ್ನ ಕೊಲ್ಲೋಕೆ, ಯಾಕಂದ್ರೆ ಅವನು ಕೊಲೆಗಾರ ಅಂತ ಯಾರೋ ಹೇಳಿದ್ದನ್ನ ನಂಬಿದ್ದ. ಮೊದಲನೇ ಕಥೇಲೇ ತಪ್ಪು ಮನುಷ್ಯನ ಬೆನ್ನು ಹತ್ತಿದಾನೆ ನೋಡಿ! ಆಮೇಲೆ ಅಮೆರಿಕದ ಸೈನಿಕರು ಪೊಲೀಸರೆಲ್ಲ ಆ ಬುರುಡೆ ಹಾಕ್ಕೊಳಕ್ಕೆ ಶುರು ಮಾಡಿದಾಗ ಪಾತ್ರ ಸೃಷ್ಟಿಸಿದ ಜೆರ್ರಿ ಕಾನ್ವೇನೇ ವಿರೋಧ ಮಾಡಿದ್ರು, ಕಾನೂನು ಸೋತ ಕಡೆಯ ಗುರುತು ಅದು, ಕಾನೂನು ಕಾಯೋರು ಅದನ್ನ ಹೇಗೆ ಹಾಕ್ಕೊಳ್ತೀರಿ ಅಂತ. 2019ರ ಒಂದು ಸಂಚಿಕೆಯಲ್ಲಿ ಪನಿಶರ್ರೇ ತನ್ನ ಸ್ಟಿಕ್ಕರ್ ಹಾಕ್ಕೊಂಡ ಪೊಲೀಸರಿಗೆ ಬೈದು ಹರಿದು ಹಾಕ್ತಾನೆ. ಅಪಶಕುನ ಏನಿಲ್ಲ ಅಮ್ಮಾ, ಈ ಕಥೆ ಮಗನಿಗೆ ಹೇಳಿ, ಗೊತ್ತಿದ್ದೂ ಇಷ್ಟಪಟ್ರೆ ಇರಲಿ ಬಿಡಿ.

ಪ್ರಶ್ನೆ: ನಾ ನೈಟ್ ಶಿಫ್ಟ್ ಮುಗಿಸಿ ಒಬ್ಬಾಕಿನ ಬರ್ತೀನ್ರಿ. ಬ್ಯಾಗಿನಾಗ ಪೆಪ್ಪರ್ ಸ್ಪ್ರೇ ಇಟ್ಕೊಂಡ್ರ ಕೇಸ್ ಆಗ್ತದೇನ್ರಿ?
– ಹುಬ್ಬಳ್ಳಿ

ಆಗಲ್ಲ ತಂಗಿ, ಧೈರ್ಯವಾಗಿ ಇಟ್ಕೊ, ಲೈಸೆನ್ಸೂ ಬೇಡ. ಯಾರಾದ್ರೂ ಮೈಮೇಲೆ ಬಂದ್ರೆ ಹಿಂದೆಮುಂದೆ ನೋಡದೆ ಹೊಡಿ, ಹೊಡೆದು ಓಡು. ಬರೀ ಮಾತಿನ ಜಗಳಕ್ಕೆ ಮಾತ್ರ ಬೇಡ. 2024ರಲ್ಲಿ ಜಾಗದ ಗಲಾಟೆಯೊಂದರಲ್ಲಿ ಸ್ಪ್ರೇ ಹೊಡೆದವರು ಆತ್ಮರಕ್ಷಣೆ ಅಂತ ಕೇಸ್ ರದ್ದು ಮಾಡಿಸೋಕೆ ಹೋದಾಗ ನಮ್ಮ ಹೈಕೋರ್ಟ್, ಜೀವಕ್ಕೆ ಅಪಾಯ ಎಲ್ಲಿತ್ತು, ಇದು ಅಪಾಯಕಾರಿ ಆಯುಧ ಅಂತ ಹೇಳಿ ಒಪ್ಪಲಿಲ್ಲ. ಸ್ಪ್ರೇ ಬ್ಯಾಗಿನ ತಳದಲ್ಲಿ ಇದ್ರೆ ಉಪಯೋಗ ಇಲ್ಲ, ಕೈಗೆ ಸಿಗೋ ಜೇಬಲ್ಲಿರಲಿ, ಎಕ್ಸ್‌ಪೈರಿ ಡೇಟ್ ನೋಡ್ಕೋ. ಓಬವ್ವ ಒನಕೆ ಎತ್ತಿದ್ದು ಅದು ಕೈಗೆ ಸಿಕ್ಕಿದ್ದಕ್ಕೆ ತಾನೇ.

ಪ್ರಶ್ನೆ: ಬರ್ತ್‌ಡೇಗೆ ಲಾಂಗಲ್ಲಿ ಕೇಕ್ ಕಟ್ ಮಾಡಿ ರೀಲ್ಸ್ ಹಾಕಿದ್ರೆ ಏನಾಗುತ್ತೆ? ಬರೀ ತಮಾಷೆಗೆ.
– ತುಮಕೂರು

ಆರ್ಮ್ಸ್ ಆಕ್ಟಲ್ಲಿ ಕೇಸಾಗುತ್ತೆ. 2025ರ ಮಾರ್ಚಲ್ಲಿ ಬೆಂಗಳೂರಲ್ಲಿ ಲಾಂಗ್ ಹಿಡಿದು ರೀಲ್ಸ್ ಮಾಡಿದ್ದ ಟಿವಿಯವರನ್ನೇ ಪೊಲೀಸ್ರು ಅರೆಸ್ಟ್ ಮಾಡಿದ್ರು. ಪ್ಲಾಸ್ಟಿಕ್ ಚಾಕು ಕೇಕ್ ಜೊತೆ ಫ್ರೀ ಕೊಡ್ತಾರೆ.

ಪ್ರಶ್ನೆ: ತಾತ ಟೂರಿಂಗ್ ಟಾಕೀಸ್ ನಡೆಸ್ತಿದ್ರು. ಅಟ್ಟದ ಮೇಲೆ 70ರ ದಶಕದ ಸಿನಿಮಾ ಪೋಸ್ಟರ್‌ಗಳ ಕಟ್ಟು ಸಿಕ್ಕಿದೆ, ಮಡಿಚಿದ ಕಡೆ ಹರೀತಿದೆ. ಲ್ಯಾಮಿನೇಷನ್ ಮಾಡಿಸ್ಲಾ?
– ಅರಸೀಕೆರೆ

ಬೇಡ ಬೇಡ, ದಯವಿಟ್ಟು ಲ್ಯಾಮಿನೇಷನ್ ಬೇಡ! ಬಿಸಿಗೆ ಅಂಟಿದ್ದು ಮತ್ತೆ ಬಿಡಿಸೋಕಾಗಲ್ಲ. ಸೆಲ್ಲೋಟೇಪ್ ಕೂಡ ಹಚ್ಚಬೇಡಿ, ಕೆಲವೇ ವರ್ಷಕ್ಕೆ ಹಳದಿ ಕಲೆ ಬಿಡುತ್ತೆ. ಕೈ ತೊಳೆದು ಒರೆಸ್ಕೊಂಡು, ದೊಡ್ಡ ಟೇಬಲ್ ಮೇಲೆ ನಿಧಾನಕ್ಕೆ ಬಿಡಿಸಿ, ನಡುವೆ ಆಸಿಡ್ ಇಲ್ಲದ ಬಿಳಿ ಟಿಶ್ಯೂ ಪೇಪರ್ ಇಟ್ಟು ಚಪ್ಪಟೆಯಾಗೇ ಜೋಡಿಸಿ, ಬಿಸಿಲು ತೇವ ಎರಡೂ ತಾಗದ ಕಡೆ ಇಡಿ. ಗೋಡೆಗೆ ಹಾಕೋ ಆಸೆ ಇದ್ರೆ ಒಳ್ಳೆ ಸ್ಕ್ಯಾನ್ ಮಾಡಿಸಿ ಪ್ರಿಂಟ್ ಹಾಕ್ಕೊಳಿ. ಮತ್ತೆ, ಆ ಕಟ್ಟಲ್ಲಿ ಯಾವ್ಯಾವ ಸಿನಿಮಾದ್ದಿವೆ ಅಂತ ನನಗೊಂದು ಕಾಗದ ಬರೀರಿ.