ಎಂಎಸ್ ಮತ್ತು ಕಂಪ್ಯೂಟರ್ ಅಳೆದ ಮೆದುಳು

ಪ್ರಶ್ನೆ: ತಂಗಿಗೆ 34 ವರ್ಷ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಮಾಡುವ ಕಾಯಿಲೆ) ಇದೆ. ಹೋದ ವರ್ಷದ ಎಂಆರ್‌ಐ ಶಿವಮೊಗ್ಗದಲ್ಲಿ ಆಗಿತ್ತು, ಈ ಸಲ ಘಾಟಿ ಇಳಿದು ಮಣಿಪಾಲದಲ್ಲಿ ಮಾಡಿಸಿದೆವು. ಎರಡನ್ನೂ ಹೋಲಿಸಿದ ಸಾಫ್ಟ್‌ವೇರ್ ವರದಿ ‘ಮೆದುಳಿನ ಗಾತ್ರ ಶೇ 0.9 ಇಳಿಕೆ’ ಎನ್ನುತ್ತದೆ. ಔಷಧ ಕೆಲಸ ಮಾಡುತ್ತಿಲ್ಲವೇ? – ತೀರ್ಥಹಳ್ಳಿಯ ಓದುಗರು

ಉತ್ತರ: ಈ ಒಂದು ಅಂಕಿಯಿಂದ ಹಾಗೆ ಹೇಳಲು ಬರುವುದಿಲ್ಲ. ಅಷ್ಟಕ್ಕೇ ಮಾತ್ರೆ ಬಿಡಿಸಲೂಬೇಡಿ.

ಆರೋಗ್ಯವಂತರ ಮೆದುಳೂ ವರ್ಷಕ್ಕೆ ಸುಮಾರು ಶೇ 0.1ರಿಂದ 0.3ರಷ್ಟು ಕುಗ್ಗುತ್ತದೆ. ಎಂಎಸ್ ಇದ್ದವರಲ್ಲಿ ಅದು ಶೇ 0.4 ದಾಟಿದರೆ ಗಮನಿಸಬೇಕು ಎಂಬುದು ರೂಢಿ. 1,200 ಮಿ.ಲೀ. ಮೆದುಳಿನಲ್ಲಿ ಶೇ 0.4 ಅಂದರೆ 5 ಮಿ.ಲೀ.ಗೂ ಕಡಿಮೆ, ಒಂದು ಟೀ ಚಮಚದಷ್ಟು. ಇಷ್ಟು ಚಿಕ್ಕ ವ್ಯತ್ಯಾಸ ಹಿಡಿಯಬೇಕಾದರೆ ಎರಡು ಸ್ಕ್ಯಾನ್‌ಗಳೂ ಒಂದೇ ಯಂತ್ರದಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ಆಗಿರಬೇಕು. ಒಂದು ಕಡೆ 1.5 ಟೆಸ್ಲಾ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ), ಇನ್ನೊಂದು ಕಡೆ 3 ಟೆಸ್ಲಾ ಯಂತ್ರವಿದ್ದರೆ, ಅಥವಾ ತಲೆಯ ಸುತ್ತ ಇಟ್ಟು ಸಂಕೇತ ಹಿಡಿಯುವ ಕಾಯಿಲ್ ಬೇರೆಯಿದ್ದರೆ, ಬೂದು ಭಾಗ ಮತ್ತು ಬಿಳಿ ಭಾಗದ ಗಡಿ ಚಿತ್ರದಲ್ಲಿ ಬೇರೆ ರೀತಿ ಕಾಣುತ್ತದೆ. ಸಾಫ್ಟ್‌ವೇರ್ ಅಳೆಯುವುದು ಆ ಗಡಿಯನ್ನೇ. ಮೆದುಳು ಕದಲದಿದ್ದರೂ ಅಂಕಿ ಕದಲುತ್ತದೆ. ಸಾಫ್ಟ್‌ವೇರ್‌ನ ಆವೃತ್ತಿ ಬದಲಾದರೂ ಇದೇ ತೊಂದರೆ. ಆಗ ಹಳೆಯ ಸ್ಕ್ಯಾನನ್ನೂ ಹೊಸ ಆವೃತ್ತಿಯಲ್ಲೇ ಮತ್ತೆ ಅಳೆಸಬೇಕು.

ದೇಹದ ಕಾರಣಗಳೂ ಇವೆ. ನೀರು ಕಡಿಮೆಯಾದರೆ ಮೆದುಳಿನ ಗಾತ್ರ ತಾತ್ಕಾಲಿಕವಾಗಿ ತಗ್ಗುತ್ತದೆ. ಎಂಎಸ್‌ನಲ್ಲಿ ಮೂತ್ರ ತಡೆಯಲು ಕಷ್ಟವೆಂದು ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಆಗುಂಬೆ ಘಾಟಿಯ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಇದನ್ನು ಮುಖ್ಯವಾಗಿ ಹೇಳಬೇಕಿದೆ: ತಲುಪಿದ ಮೇಲಾದರೂ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಶೌಚಾಲಯಕ್ಕೆ ಹೋಗಿಬಂದು ಸ್ಕ್ಯಾನಿಗೆ ಮಲಗಿ. ಇತ್ತೀಚೆಗೆ ಸ್ಟೀರಾಯ್ಡ್ ಡ್ರಿಪ್ ಆಗಿದ್ದರೂ, ಹೊಸ ಔಷಧ ಶುರುವಾದ ಮೊದಲ 6–12 ತಿಂಗಳಲ್ಲೂ ಊತ ಇಳಿದು ಗಾತ್ರ ತಗ್ಗಬಹುದು. ಅದು ನರಕೋಶ ಸತ್ತದ್ದರ ಲೆಕ್ಕವಲ್ಲ.

ಈಗ ಮಾಡಬೇಕಾದ್ದು ಇಷ್ಟು. ಯಾವ ಊರಿಗೆ ಪ್ರತಿ ವರ್ಷ ಹೋಗಿಬರಲು ಆಗುತ್ತದೋ ಆ ಒಂದೇ ಕೇಂದ್ರ ಆರಿಸಿಕೊಳ್ಳಿ. ದೊಡ್ಡ ಊರಿನ ಹೊಸ ಯಂತ್ರಕ್ಕಿಂತ ಹತ್ತಿರದ, ಬದಲಾಗದ ಯಂತ್ರವೇ ಹೋಲಿಕೆಗೆ ಮೇಲು. ಅಲ್ಲಿನ ಮೊದಲ ಸ್ಕ್ಯಾನ್‌ನಿಂದ ಹೊಸದಾಗಿ ಲೆಕ್ಕ ಶುರುಮಾಡಿ. ಔಷಧ ಬದಲಿಸಿದ್ದರೆ, ಹೊಸ ಕಲೆಗಳನ್ನು (ರೋಗದಿಂದ ಹಾನಿಯಾದ ಜಾಗಗಳನ್ನು) ಎಣಿಸಲು ಅದಾದ 3ರಿಂದ 6 ತಿಂಗಳಿಗೆ ತೆಗೆದ ಸ್ಕ್ಯಾನನ್ನು ಹೋಲಿಕೆಯ ಬುಡವಾಗಿ ಇಟ್ಟುಕೊಳ್ಳುವುದು ಸರಿ. ಚೀಟಿಯಲ್ಲಿ ‘3ಡಿ ಫ್ಲೇರ್ ಮತ್ತು 3ಡಿ ಟಿ1, 1 ಮಿ.ಮೀ., ಹಿಂದಿನ ಪ್ರೋಟೋಕಾಲ್‌ನಂತೆಯೇ’ ಎಂದು ನರತಜ್ಞರಿಂದ ಬರೆಸಿ (ಫ್ಲೇರ್, ಟಿ1 ಎಂಬುವು ಎಂಆರ್‌ಐ ಚಿತ್ರದ ಎರಡು ಬಗೆ). 5 ಮಿ.ಮೀ. ದಪ್ಪದ, ನಡುವೆ ಸಂದು ಬಿಟ್ಟ ಚಿತ್ರಗಳಲ್ಲಿ ಸಣ್ಣ ಕಲೆಗಳು ಸಂದಿನಲ್ಲೇ ಕಳೆದುಹೋಗುತ್ತವೆ.

ಪ್ರಶ್ನೆ: ಕಂಪ್ಯೂಟರ್ ವರದಿ ‘ಹೊಸ ಕಲೆ 2’ ಎಂದಿದೆ. ಡಾಕ್ಟರು ಚಿತ್ರ ನೋಡಿ ಹೊಸದೇನೂ ಇಲ್ಲ ಎಂದರು. ಯಾರ ಮಾತು ಹಿಡಿಯಬೇಕು? – ಸಾಗರದ ಓದುಗರು

ಉತ್ತರ: ಚಿತ್ರವನ್ನು ಕಣ್ಣಾರೆ ನೋಡಿದ ಡಾಕ್ಟರ ಮಾತು. ತಲೆ ಅಲುಗಿದರೆ, ರಕ್ತದ ಹರಿವಿನ ನೆರಳು ಬಿದ್ದರೆ, ಮೆದುಳಿನ ಕುಹರಗಳ ಅಂಚು ಫ್ಲೇರ್ ಚಿತ್ರದಲ್ಲಿ ಸಹಜವಾಗಿಯೇ ಬೆಳ್ಳಗಿದ್ದರೆ ಸಾಫ್ಟ್‌ವೇರ್ ಅದನ್ನೂ ಕಲೆಯೆಂದು ಎಣಿಸುತ್ತದೆ. ಮೈಗ್ರೇನ್, ಬಿಪಿ ಇರುವವರ ಸಣ್ಣ ಚುಕ್ಕೆಗಳನ್ನೂ ಸೇರಿಸಿಬಿಡುತ್ತದೆ. ನಿಜವಾದ ಹೊಸ ಕಲೆ ಕನಿಷ್ಠ 3 ಮಿ.ಮೀ. ಉದ್ದವಿದ್ದು, ಒಂದಕ್ಕಿಂತ ಹೆಚ್ಚು ಕೋನದಲ್ಲಿ ಕಾಣಬೇಕು. ವರದಿ ಗುರುತಿಸಿದ ಆ ಎರಡು ಜಾಗವನ್ನೇ ಹಳೆ-ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ದೀರಾ ಎಂದು ಕೇಳಿ. ಹಾಗೆ ಕೇಳಿದರೆ ತಪ್ಪು ತಿಳಿಯುವವರಿಲ್ಲ.

ಉಲ್ಟಾ ಸಂದರ್ಭ, ಅಂದರೆ ಕಲೆಯಿದ್ದೂ ಸಾಫ್ಟ್‌ವೇರ್‌ಗೆ ಕಾಣದಿರುವುದು, ಹೆಚ್ಚು ಅಪಾಯದ್ದು. ಮೆದುಳಿನ ಸಾಫ್ಟ್‌ವೇರ್ ಬೆನ್ನುಹುರಿಯನ್ನೂ ಕಣ್ಣಿನ ನರವನ್ನೂ ನೋಡುವುದಿಲ್ಲ. ಕಾರ್ಟೆಕ್ಸ್‌ನ (ಮೆದುಳಿನ ಹೊರಪದರದ) ಕಲೆಗಳು, ಮೆದುಳುಕಾಂಡದ ಸಣ್ಣ ಕಲೆಗಳು ಅದರ ಕಣ್ತಪ್ಪಿಸುತ್ತವೆ. ಕಾಲು ಜೋಮು ಹಿಡಿದು 24 ಗಂಟೆ ಬಿಡದಿದ್ದರೆ, ಒಂದು ಕಣ್ಣು ಮಂಜಾದರೆ, ವರದಿ ಎಷ್ಟೇ ಚೆನ್ನಾಗಿರಲಿ, ನರತಜ್ಞರ ಬಳಿ ಹೋಗಿ.

ಪ್ರಶ್ನೆ: ಪ್ರತಿ ಸಲವೂ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕೇ? – ಕೊಪ್ಪದ ಓದುಗರು

ಉತ್ತರ: ಬೇಡ. ಹಿಂದಿನ 3ಡಿ ಫ್ಲೇರ್ ಹೋಲಿಕೆಗೆ ಸಿಗುವಂತಿದ್ದರೆ ವಾರ್ಷಿಕ ತಪಾಸಣೆಗೆ ಇಂಜೆಕ್ಷನ್ ಇಲ್ಲದ ಫ್ಲೇರ್ ಚಿತ್ರವೇ ಸಾಕು. ರೋಗ ಮೊದಲು ಪತ್ತೆಯಾಗುವಾಗ, ಅಥವಾ ಹೋಲಿಸಲು ಹಳೆಯದು ಇಲ್ಲದಾಗ ಗ್ಯಾಡೋಲಿನಿಯಂ (ಆ ಕಾಂಟ್ರಾಸ್ಟ್ ಇಂಜೆಕ್ಷನ್‌ನಲ್ಲಿರುವುದು) ಉಪಯುಕ್ತ. ಹಾಕಿಸುವ ಮುಂಚೆ ಕ್ರಿಯೇಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ ತೋರಿಸಿ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಪ್ರಶ್ನೆ: ಬೀರುವಿನಲ್ಲಿ ಹಳೆಯ ಫಿಲ್ಮ್‌ಗಳಿವೆ, ಒಂದೆರಡು ಸಿಡಿಗಳೂ ಇವೆ. ಇವನ್ನು ಸಾಫ್ಟ್‌ವೇರ್‌ಗೆ ಹಾಕಿಸಬಹುದೇ? – ಹೊಸನಗರದ ಓದುಗರು

ಉತ್ತರ: ಫಿಲ್ಮ್, ಪಿಡಿಎಫ್, ವಾಟ್ಸ್‌ಆ್ಯಪ್ ಫೋಟೊ ಯಾವುದೂ ಬರುವುದಿಲ್ಲ. ಬೇಕಾದ್ದು ಡೈಕಾಮ್ ಕಡತಗಳು, ಅಂದರೆ ಸ್ಕ್ಯಾನ್ ಯಂತ್ರವೇ ಉಳಿಸುವ ಮೂಲ ಚಿತ್ರಗಳು. ಸಿಡಿ ತೆರೆದಾಗ ನೂರಾರು ಕಡತಗಳಿರುವ ಫೋಲ್ಡರ್ ಕಂಡರೆ ಸರಿಯಿದೆ. ಬರೀ ಹತ್ತಿಪ್ಪತ್ತು ಜೆಪಿಜಿ ಚಿತ್ರಗಳಿದ್ದರೆ ಕೇಂದ್ರದಿಂದ ಮತ್ತೆ ಕೇಳಿ. ಬೇಗ ಕೇಳಿ, ಏಕೆಂದರೆ ಹಳೆಯ ಸ್ಕ್ಯಾನ್‌ಗಳನ್ನು ಅವರು ಸದಾಕಾಲ ಇಟ್ಟುಕೊಳ್ಳುವುದಿಲ್ಲ. ನಮ್ಮ ಮಳೆಗಾಲದ ಥಂಡಿಗೆ ಸಿಡಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೂ ಮನೆಯವರ ಇನ್ನೊಂದು ಕಂಪ್ಯೂಟರ್‌ಗೂ ನಕಲು ಮಾಡಿ, ಫೋಲ್ಡರಿನ ಹೆಸರಿನಲ್ಲೇ ದಿನಾಂಕ, ಊರು, ಯಂತ್ರ ಎಷ್ಟು ಟೆಸ್ಲಾ ಎಂಬುದನ್ನು ಬರೆದಿಡಿ.