ಕೊಕ್ಕೆಹುಳು ನಮ್ಮ ರಕ್ತದ ಕಬ್ಬಿಣವನ್ನು ತಿನ್ನುತ್ತದೆಯೇ?

ಸಿದ್ದಾಪುರದ ಬಳಿ ಕಾಫಿ ತೋಟದಲ್ಲಿ ದುಡಿಯುವ ನಿಮ್ಮ ತಾಯಿಯವರಿಗೆ ರಕ್ತಹೀನತೆಯೆಂದು ಕಬ್ಬಿಣದ ಮಾತ್ರೆ ಬರೆದ ವೈದ್ಯರು ಹುಳುವಿನ ಮಾತ್ರೆಯನ್ನೂ ಏಕೆ ಕೊಟ್ಟರು, ಪರಾವಲಂಬಿಗಳು ನಮ್ಮ ಕಬ್ಬಿಣವನ್ನು ಹೇಗೆ ಪಡೆಯುತ್ತವೆ ಎಂದು ಕೇಳಿದ್ದೀರಿ. ವಿರಾಜಪೇಟೆಯಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ವಯಸ್ಕರ ದೇಹದಲ್ಲಿರುವ ಕಬ್ಬಿಣ ಸುಮಾರು 3ರಿಂದ 4 ಗ್ರಾಂ ಮಾತ್ರ. ಅದರ ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿದೆ. ಬಿಡಿ ಕಬ್ಬಿಣ ಜೀವಕೋಶಗಳಿಗೆ ಹಾನಿಕರವಾದ್ದರಿಂದ ದೇಹವು ಅದನ್ನು ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಕಟ್ಟಿಯೇ ಸಾಗಿಸುತ್ತದೆ. ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಕೋಶಗಳಲ್ಲಿರುವ ಕಬ್ಬಿಣ ರಕ್ತಕ್ಕೆ ಬರುವ ದಾರಿಯನ್ನೇ ಮುಚ್ಚುತ್ತದೆ.

ಇದನ್ನು ಒಂದೊಂದು ಪರಾವಲಂಬಿ ಒಂದೊಂದು ಬಗೆಯಲ್ಲಿ ಮೀರುತ್ತದೆ. ಆಫ್ರಿಕಾದ ನಿದ್ರಾರೋಗದ ಟ್ರಿಪನೊಸೋಮ್, ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ನನ್ನೇ ಹಿಡಿದು ಒಳಗೆಳೆದುಕೊಳ್ಳುತ್ತದೆ. ಕಾಲಾ ಅಜಾರ್ ಎಂಬ ಜ್ವರ ತರುವ ಲೀಷ್ಮೇನಿಯಾ, ಹಳೆಯ ರಕ್ತಕಣಗಳನ್ನು ಒಡೆದು ಕಬ್ಬಿಣವನ್ನು ಮರುಬಳಕೆಗೆ ಒದಗಿಸುವ ಮ್ಯಾಕ್ರೊಫೇಜ್ ಕೋಶದೊಳಗೇ ಬೀಡುಬಿಡುತ್ತದೆ. ಮಲೇರಿಯಾದ್ದು ವಿಚಿತ್ರ: ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ಜೀರ್ಣಿಸಿಕೊಂಡರೂ, ಆಗ ಹೊರಬರುವ ಕಬ್ಬಿಣಯುಕ್ತ ಹೀಮ್ ಅದಕ್ಕೇ ವಿಷವಾದ್ದರಿಂದ ಬಹುಪಾಲನ್ನು ಹರಳಾಗಿಸಿ ಬದಿಗಿಡಬೇಕಾಗುತ್ತದೆ, ಮಲೇರಿಯಾದ ಔಷಧಿ ಕ್ಲೋರೋಕ್ವಿನ್ ತಡೆಯುವುದು ಈ ಕೆಲಸವನ್ನೇ.

ಇನ್ನು ಕೊಕ್ಕೆಹುಳು. ಹೀಮನ್ನು ತಾನೇ ತಯಾರಿಸಿಕೊಳ್ಳಲಾರದ ಈ ಹುಳು ಕರುಳಿನ ಗೋಡೆಯನ್ನು ಕಚ್ಚಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳನ್ನು ಸುರಿಸಿ, ನುಂಗಿದ ಹಿಮೋಗ್ಲೋಬಿನ್ನನ್ನು ಕಿಣ್ವಗಳಿಂದ ಹಂತಹಂತವಾಗಿ ಒಡೆಯುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಅದು ತಿನ್ನುವುದಕ್ಕಿಂತ ಪೋಲುಮಾಡುವುದೇ ದೊಡ್ಡ ತೊಂದರೆ, ಏಕೆಂದರೆ ಕಚ್ಚಿದ ಜಾಗದಿಂದಲೂ ರಕ್ತ ಸೋರುತ್ತಿರುತ್ತದೆ. ನೆಕೇಟರ್ ಎಂಬ ಜಾತಿಯ ಒಂದು ಕೊಕ್ಕೆಹುಳುವಿನಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ. ನೂರು ಹುಳುಗಳಿದ್ದರೆ 3 ಮಿಲಿಲೀಟರ್, ಅಂದರೆ ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣ. ಅದರಲ್ಲಿ ಸ್ವಲ್ಪ ಕರುಳಿನಲ್ಲೇ ಮರಳಿ ಸೇರಿಕೊಂಡರೂ, ಊಟದಿಂದ ನಮಗೆ ದಕ್ಕುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಎಂಬುದನ್ನು ನೆನೆದರೆ ಲೆಕ್ಕ ತಿಳಿಯುತ್ತದೆ. ಅನ್ಸೈಲೋಸ್ಟೋಮಾ ಎಂಬ ಇನ್ನೊಂದು ಜಾತಿಯದಾದರೆ ನಷ್ಟ ಇನ್ನೂ ಹಲವು ಪಟ್ಟು.

ಮಲದಿಂದ ಮಣ್ಣು ಸೇರಿದ ಮೊಟ್ಟೆಗಳು ನೆರಳಿರುವ ಒದ್ದೆ ನೆಲದಲ್ಲಿ ಚೆನ್ನಾಗಿ ಮರಿಯಾಗುತ್ತವೆ, ಆ ಮರಿಗಳು ಬರಿಗಾಲಿನ ಚರ್ಮ ತೂರಿ ಒಳಬರುತ್ತವೆ. ಜಿಗಣೆಗೆ ಹೆದರಿ ಬೂಟು ತೊಡುವ ನಮ್ಮವರು ಕಣ್ಣಿಗೆ ಕಾಣದ ಇವಕ್ಕೆ ಹೆದರುವುದಿಲ್ಲ. ಹುಳುವಿನ ಮಾತ್ರೆಯು ಸೋರಿಕೆಯನ್ನು ನಿಲ್ಲಿಸುತ್ತದೆ, ಕಳೆದುಹೋದ ಕಬ್ಬಿಣವನ್ನು ತುಂಬುವುದು ಇನ್ನೊಂದು ಮಾತ್ರೆಯ ಕೆಲಸ. ಆದ್ದರಿಂದ ಎರಡೂ ಬೇಕು. ಕಾಫಿ ಕಬ್ಬಿಣದ ಹೀರಿಕೆಯನ್ನು ತಗ್ಗಿಸುವುದರಿಂದ, ಕೊಡಗಿನಲ್ಲಿ ಹೇಳಲು ಕಷ್ಟವಾದರೂ, ಮಾತ್ರೆಯ ಜೊತೆಗೆ ಕಾಫಿ ಕುಡಿಯದಂತೆ ತಾಯಿಯವರಿಗೆ ತಿಳಿಸಿ.