‘ಐ ಡೌಟ್’ ಅಂದರೆ ಮಳೆ ಬರುತ್ತೋ, ಬರಲ್ವೋ?

ಪ್ರಶ್ನೆ: ಕೆಲಸದ ಮೇಲೆ ಈಚೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದಿದ್ದೇನೆ. ಪಕ್ಕದ ಮನೆಯ ಅಜ್ಜ ಆಕಾಶ ನೋಡಿ ‘ಐ ಡೌಟ್ ಇಟ್ಲ್ ರೇನ್’ ಅಂದರು. ಮಳೆ ಬರಲ್ಲ ಅಂದುಕೊಂಡು ಕೊಡೆ ಬಿಟ್ಟು ಹೋದೆ, ತೊಪ್ಪೆಯಾಗಿ ವಾಪಸ್ ಬಂದೆ. ಆಫೀಸಿನಲ್ಲಿ ನಾನು ‘ಐ ಹ್ಯಾವ್ ಎ ಡೌಟ್’ ಅಂದರೆ ಎದುರಿನವರ ಮುಖ ಗಂಟಾಗುತ್ತದೆ. ಈ ಒಂದು ಪದಕ್ಕೆ ಎಷ್ಟು ಅರ್ಥ?

ಉತ್ತರ: ಅಜ್ಜ ಸರಿಯಾಗೇ ಹೇಳಿದ್ದಾರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಐ ಡೌಟ್’ ಅಂದರೆ ‘ಹಾಗಾಗುತ್ತೇನೋ ಅಂತ ಕಾಣುತ್ತೆ’ ಅಂತ. ಹಳಬರ ಬಾಯಲ್ಲಿ ಅದು ‘ಡೂಟ್’ ಅಂತ ಕೇಳಿಸುತ್ತದೆ. ಸಾಮಾನ್ಯವಾಗಿ ಬೇಡದ ಸಂಗತಿಗೇ ಹೀಗೆ ಹೇಳುತ್ತಾರೆ: ಮಳೆ ಬರುತ್ತೆ, ಬಸ್ಸು ತಪ್ಪುತ್ತೆ, ಮುದುಕ ಉಳಿಯಲ್ಲ, ಹೀಗೆ.

ಇದು ಅವರು ಈಗ ಕಟ್ಟಿಕೊಂಡ ಅರ್ಥವಲ್ಲ, ಒಂದು ಕಾಲಕ್ಕೆ ಇಡೀ ಇಂಗ್ಲಿಷಿನಲ್ಲಿ ಓಡಾಡಿಕೊಂಡಿದ್ದ ಅರ್ಥ. ಪದದ ಬೇರು ಲ್ಯಾಟಿನ್ನಿನ ‘ದುಬಿತಾರೆ’, ಅಂದರೆ ಹಿಂದೆಮುಂದೆ ನೋಡುವುದು. ‘ಎರಡು’ ಅನ್ನುವ ಪದಕ್ಕೂ ಅದಕ್ಕೂ ನಂಟಿದೆ, ಮನಸ್ಸು ಎರಡಾಯಿತು ಅಂತೀವಲ್ಲ, ಅದೇ. ಅಲ್ಲಿಂದ ಹಳೆಯ ಫ್ರೆಂಚಿಗೆ ಬರುವ ಹೊತ್ತಿಗೆ ಅದಕ್ಕೆ ‘ಹೆದರು’ ಅನ್ನುವ ಅರ್ಥವೂ ಅಂಟಿಕೊಂಡಿತ್ತು, ಹದಿಮೂರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಆ ಹೆದರಿಕೆಯೂ ಜೊತೆಗೇ ಬಂತು. ‘ರಿಡೌಟಬಲ್’ ಅನ್ನುವ ಪದ ಕೇಳಿದ್ದೀರಲ್ಲ? ಎದುರಾಳಿಗೆ ನಡುಕ ಹುಟ್ಟಿಸುವಂಥವನು ಅಂತ. ಹಳೆಯ ಹೆದರಿಕೆ ಅದರೊಳಗೆ ಇನ್ನೂ ಕೂತಿದೆ.

ಹೆದರಿಕೆಯಿಂದ ‘ಹೀಗಿರಬಹುದೇನೋ ಅಂತ ಅಳುಕು’ ಅನ್ನುವುದಕ್ಕೆ ಒಂದೇ ಹೆಜ್ಜೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ತಂದೆಯ ಪ್ರೇತದ ಸುದ್ದಿ ಕೇಳಿ ‘ಐ ಡೌಟ್ ಸಮ್ ಫೌಲ್ ಪ್ಲೇ’ ಅನ್ನುತ್ತಾನೆ. ಈಗಿನ ಇಂಗ್ಲಿಷಿನ ಲೆಕ್ಕದಲ್ಲಿ ಓದಿದರೆ ‘ಮೋಸ ಏನೂ ಇರಲಿಕ್ಕಿಲ್ಲ’ ಅಂದಂತಾಗಿ ನಾಟಕವೇ ಕೆಟ್ಟುಹೋಗುತ್ತದೆ. ಅವನು ಹೇಳುತ್ತಿರುವುದು ‘ಇದರಲ್ಲಿ ಏನೋ ಮೋಸ ಇದೆ’ ಅಂತ. ಆಮೇಲೆ ಲಂಡನ್ ಕಡೆಯ ಇಂಗ್ಲಿಷು ಈ ಅರ್ಥವನ್ನು ಕೈಬಿಟ್ಟು ‘ಆಗಲಿಕ್ಕಿಲ್ಲ’ ಅನ್ನುವುದನ್ನು ಮಾತ್ರ ಇಟ್ಟುಕೊಂಡಿತು. ಸ್ಕಾಟ್ಲೆಂಡಿನವರು ಬಿಡಲಿಲ್ಲ.

ಒಂದೇ ಪದ ‘ಆಗುತ್ತೆ’, ‘ಆಗಲ್ಲ’ ಎರಡನ್ನೂ ಹೇಗೆ ಹೇಳುತ್ತೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ನೀವೂ ದಿನಾ ಅದನ್ನೇ ಮಾಡುತ್ತೀರಿ. ‘ಮಳೆ ಬರೋದು ಅನುಮಾನ’ ಅಂದರೆ ಬರಲ್ಲ ಅಂತ. ‘ಮಳೆ ಬರುತ್ತೇನೋ ಅಂತ ಅನುಮಾನ’ ಅಂದರೆ ಕೊಡೆ ತಗೊಂಡು ಹೋಗು ಅಂತ. ಪದ ಅದೇ, ವಾಕ್ಯದ ಕಟ್ಟು ಮಾತ್ರ ಬೇರೆ. ಫ್ರೆಂಚರೂ ಹೀಗೇ: ‘ಜ ದೂತ್’ ಅಂದರೆ ನನಗೆ ನಂಬಿಕೆ ಇಲ್ಲ, ನಡುವೆ ಒಂದು ಚಿಕ್ಕ ‘ಮ’ ಸೇರಿಸಿ ‘ಜ ಮ ದೂತ್’ ಅಂದರೆ ಹಾಗೇ ಇರಬೇಕು ಅಂತ ನನ್ನ ಗುಮಾನಿ. ಇಂಗ್ಲಿಷಿಗೆ ಆ ಅನುಕೂಲ ಇಲ್ಲ, ಕಟ್ಟು ಒಂದೇ ಥರ ಇರುತ್ತದೆ. ಹಾಗಾಗಿ ಯಾರು ಹೇಳುತ್ತಿದ್ದಾರೆ ಅಂತ ನೋಡಿಯೇ ತಿಳಿಯಬೇಕು. ಅಜ್ಜ ಅಂದರೆ ಕೊಡೆ ಹಿಡಿಯಿರಿ, ಲಂಡನ್ನಿನಿಂದ ಬಂದ ಮ್ಯಾನೇಜರ್ ಅಂದರೆ ಬೇಡ.

ಇನ್ನು ಆಫೀಸಿನ ಕಥೆ. ‘ಸರ್, ಒಂದು ಡೌಟು’ ಅಂದರೆ ನಮ್ಮಲ್ಲಿ ‘ಒಂದು ಪ್ರಶ್ನೆ ಇದೆ’ ಅಂತ ಅಷ್ಟೇ, ಅದರಲ್ಲಿ ಮರ್ಯಾದೆಯೂ ಇದೆ: ನನಗೆ ಅರ್ಥವಾಗಿಲ್ಲ, ತಿಳಿಸಿ ಅಂತ. ಇದು ನಮ್ಮ ಶಾಲೆ ಪಾಠದ ಅಭ್ಯಾಸ ಅಂತ ಸುಮ್ನೆ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ನ್ಯಾಯಶಾಸ್ತ್ರ, ಅಂದರೆ ನಮ್ಮ ಹಳೆಯ ತರ್ಕವಿದ್ಯೆ, ತಿಳಿಯಬೇಕಾದದ್ದು ಅಂತ ಪಟ್ಟಿ ಮಾಡಿದ ಹದಿನಾರು ಪದಾರ್ಥಗಳಲ್ಲಿ ಸಂಶಯ ಮೂರನೆಯದು, ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು ಚರ್ಚೆಗೆ ಕೂತರೆ ಮೊದಲು ವಿಷಯ, ಅದರ ಹಿಂದೆಯೇ ಸಂಶಯ. ಅಲ್ಲಿ ಸಂಶಯ ಅಂದರೆ ಉತ್ತರ ಹುಡುಕುವ ದಾರಿ, ಎದುರಿನವರ ಮೇಲಿನ ಅಪನಂಬಿಕೆ ಅಲ್ಲ. ಸ್ಪೇನಿನವರೂ ಪ್ರಶ್ನೆ ಕೇಳುವಾಗ ‘ತೆಂಗೊ ಉನಾ ದೂದಾ’, ನನಗೊಂದು ಡೌಟು, ಅಂತಲೇ ಶುರು ಮಾಡುತ್ತಾರೆ, ಇಂಗ್ಲಿಷಿಗೆ ಬಂದಾಗ ನಮ್ಮ ಹಾಗೇ ಸಿಕ್ಕಿಬೀಳುತ್ತಾರೆ.

ಆದರೆ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಅದೇ ಮಾತು ‘ನಿಮ್ಮ ಕೆಲಸದ ಮೇಲೆ ನನಗೆ ನಂಬಿಕೆ ಇಲ್ಲ’ ಅಂತ ಕಿವಿಗೆ ಬೀಳುತ್ತದೆ. ಮೀಟಿಂಗಿನಲ್ಲಿ ‘ಕ್ವೆಶ್ಚನ್’ ಅನ್ನಿ, ಮುಗಿಯಿತು. ಊರಿಗೆ ಫೋನ್ ಮಾಡಿದಾಗ ಡೌಟು ಕೇಳಿ.

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಉಚ್ಚರಿಸದ ‘ಬಿ’ ಅಕ್ಷರವನ್ನು ಡೌಟ್ ಪದದಲ್ಲಿ ಯಾಕೆ ಬರೆಯಬೇಕು ಅಂತ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಅವಳ ಕಡೆ ನ್ಯಾಯ ಇದೆ ಅಂತ ಹೇಳಿ. ಫ್ರೆಂಚಿನಿಂದ ಬಂದಾಗ ಈ ಪದದಲ್ಲಿ ಬಿ ಇರಲಿಲ್ಲ, ಜನ ಬರೆಯುತ್ತಲೂ ಇರಲಿಲ್ಲ. ಆಮೇಲೆ ಲ್ಯಾಟಿನ್ ಓದಿದ ಪಂಡಿತರು ಮೂಲದಲ್ಲಿ ಬಿ ಇದೆಯಲ್ಲ ಅಂತ ಬರವಣಿಗೆಯಲ್ಲಿ ತುರುಕಿದರು. ಸಾಲ ಅನ್ನುವ ಅರ್ಥದ ‘ಡೆಟ್’ ಪದಕ್ಕೂ ಇದೇ ಗತಿಯಾಯಿತು. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಒಂದು ತಮಾಷೆಯ ನಾಟಕದಲ್ಲಿ ಹೊಲೊಫರ್ನೆಸ್ ಅನ್ನುವ ಮೇಷ್ಟ್ರು, ಈ ಎರಡು ಪದಗಳಲ್ಲಿ ಬಿ ಉಚ್ಚರಿಸದವರನ್ನು ಕಂಡು ಉರಿದುಬೀಳುತ್ತಾನೆ. ಜನ ಅವನ ಮಾತು ಕೇಳಲಿಲ್ಲ. ಬರೆಯುವಾಗ ಪಂಡಿತರು ಗೆದ್ದರು, ಮಾತಾಡುವಾಗ ಜನ ಗೆದ್ದರು. ಪೆಟ್ಟು ಬಿದ್ದದ್ದು ಡಿಕ್ಟೇಶನ್ ಬರೆಯುವ ಮಕ್ಕಳಿಗೆ.

‘ರಿಸೀಟ್’ ಪದದ ‘ಪಿ’ ಕೂಡ ಹೀಗೇ ಬಂದದ್ದು. ‘ಐಲ್ಯಾಂಡ್’ ಪದದ ‘ಎಸ್’ ಇನ್ನೂ ಅನ್ಯಾಯ: ಆ ಪದ ಲ್ಯಾಟಿನ್ನಿನದೇ ಅಲ್ಲ, ‘ಐಲ್’ ಅನ್ನುವ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಂಡು ಸೇರಿಸಿಬಿಟ್ಟರು. ಪರೀಕ್ಷೆಯಲ್ಲಿ ಮಾತ್ರ ಮೂರನ್ನೂ ಬರೆಯಲಿ, ಮಾರ್ಕ್ಸ್ ಹೋಗುತ್ತದೆ.